ಉತ್ತರ ಕನ್ನಡದ ಕರಾವಳಿಗೆ ಬೇಸಗೆ ಬಂದಾಗ

ಬೇಸಗೆಯೆಂದೊಡನೆ ಬಯಲುಸೀಮೆಯ ಜನರ ಕಣ್ಣಮುಂದೆ ಬಂದು ನಿಲ್ಲುವ ಚಿತ್ರವೊಂದಿದೆ. ಬಿರುಕುಬಿಟ್ಟ ಕರಿಯ ನೆಲ, ಎಲೆಯುದುರಿದ ಮರ, ಕೆಂಡದ ಮೇಲಿಂದ ಬೀಸಿ ಬಂದಂತಹ ಗಾಳಿ, ನಲವತ್ತರ ಗೆರೆಯನ್ನು ದಾಟಿ ಮೇಲೇರಿದ ಉಷ್ಣಮಾನ. ಕಲಬುರಗಿ, ರಾಯಚೂರುಗಳ ಬೇಸಗೆ ಅಂಥದು. ಆದರೆ ಭಟ್ಕಳದಿಂದ ಕಾರವಾರದವರೆಗೆ ಸುಮಾರು 140 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವ ಉತ್ತರ ಕನ್ನಡದ ಕಡಲತೀರಕ್ಕೆ ಬೇಸಗೆ ಈ ಉಗ್ರವೇಷವನ್ನು ತೊಟ್ಟು ಬರುವುದಿಲ್ಲ. ಅಲ್ಲಿ ತೆಂಗಿನ ತೋಟ ಹಸುರಾಗಿಯೇ ಇರುತ್ತದೆ. ಹೊಳೆಗಳಲ್ಲಿ ಭರತ ಇಳಿತಗಳ ನೀರು ಎಂದಿನಂತೆ ಏರಿಳಿಯುತ್ತದೆ. ಸಂಜೆಯ ಕಡಲು ಕಣ್ಣಿಗೆ ತಂಪನ್ನೇ ತರುತ್ತದೆ. ಹೊರಗಿನಿಂದ ನೋಡುವವರಿಗೆ ಅಲ್ಲಿ ಬೇಸಗೆಯಿದೆಯೆಂಬುದೇ ತಿಳಿಯದು.

ಪತ್ರಿಕೆಗಳಲ್ಲಿ ಅಚ್ಚಾಗುವ ಅಂಕಿಗಳೂ ಈ ಭ್ರಮೆಯನ್ನೇ ಬೆಳೆಸುತ್ತವೆ. ಕಾರವಾರ, ಹೊನ್ನಾವರಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಸರಾಸರಿ ಗರಿಷ್ಠ ಉಷ್ಣಮಾನ ಸುಮಾರು 33–34 ಡಿಗ್ರಿ ಸೆಲ್ಸಿಯಸ್. ಏಪ್ರಿಲಿನಲ್ಲಿ ಬೆಂಗಳೂರಿನದೂ ಹೆಚ್ಚು ಕಡಿಮೆ ಇಷ್ಟೇ. ಹಾಗಿದ್ದೂ ಬೇಸಗೆಯ ರಜೆಗೆಂದು ಘಟ್ಟವಿಳಿದು ಕುಮಟೆಗೋ ಅಂಕೋಲೆಗೋ ಹೋದ ಬೆಂಗಳೂರಿನ ಬಂಧುಗಳು ಮೊದಲ ರಾತ್ರಿಯೇ ನಿದ್ದೆಗೆಟ್ಟು, ಹಾಸಿಗೆಯನ್ನು ಜಗಲಿಗೆ ಎಳೆದುಕೊಂಡು, ಬೆಳಗಿನ ಜಾವದವರೆಗೆ ಬೀಸಣಿಗೆಯಾಡಿಸುತ್ತ ಕೂರುವುದು ಪ್ರತಿವರ್ಷದ ಮಾತು. ಅಂಕಿ ಒಂದೇ, ಅನುಭವ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬಂದಿತೆಂಬುದನ್ನು ತಿಳಿದವರಿಗೆ ಮಾತ್ರವೇ ಹವಾಮಾನ ಇಲಾಖೆ ವರ್ಷವರ್ಷವೂ ಹೊರಡಿಸುವ ಬೇಸಗೆಯ ಮುನ್ನೋಟ ಅರ್ಥವಾಗುತ್ತದೆ.

ಆರದ ಬೆವರು

ಮನುಷ್ಯನ ದೇಹ ತನ್ನ ಕಾವನ್ನು ಕಳೆದುಕೊಳ್ಳುವ ಮುಖ್ಯ ಮಾರ್ಗವೆಂದರೆ ಬೆವರು. ಬೆವರು ಹರಿದುಹೋದರೆ ಸಾಲದು, ಅದು ಆರಬೇಕು. ಆರುವಾಗ ಅದು ಚರ್ಮದ ಕಾವನ್ನು ಹೀರಿಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಈ ಕಾರ್ಯ ಬೇಗ ನಡೆಯುತ್ತದೆ. ಗಾಳಿಯಲ್ಲಿ ನೀರಿನ ಆವಿ ಆಗಲೇ ತುಂಬಿಕೊಂಡಿದ್ದರೆ ಬೆವರು ಆರುವುದಕ್ಕೆ ಎಡೆಯೇ ಇರುವುದಿಲ್ಲ. ಅದು ಮೈಮೇಲೆ ನಿಂತು ಅಂಟುತ್ತದೆ, ಬಟ್ಟೆಯನ್ನು ತೋಯಿಸುತ್ತದೆ, ಆದರೆ ತಂಪನ್ನು ಮಾತ್ರ ಕೊಡುವುದಿಲ್ಲ. ಕರಾವಳಿಯ ಜನ ಇದನ್ನು ಬಿಸಿಲೆನ್ನುವುದಿಲ್ಲ, ‘ಸೆಕೆ’ ಎನ್ನುತ್ತಾರೆ. ಬಿಸಿಲಿನಿಂದ ಮರದ ನೆರಳಿಗೆ ಓಡಿ ತಪ್ಪಿಸಿಕೊಳ್ಳಬಹುದು. ಸೆಕೆ ಮಾತ್ರ ಮನೆಯೊಳಗೂ ಹಿಂಬಾಲಿಸಿಕೊಂಡು ಬರುತ್ತದೆ.

ಉಷ್ಣಮಾನ ಮತ್ತು ತೇವಾಂಶಗಳೆರಡನ್ನೂ ಕೂಡಿಸಿ, ದೇಹಕ್ಕೆ ನಿಜವಾಗಿ ಎಷ್ಟು ಬೇಗೆಯೆನಿಸುತ್ತದೆ ಎಂಬುದನ್ನು ಲೆಕ್ಕ ಹಾಕುವ ಸೂತ್ರವೊಂದುಂಟು. ಅದರಂತೆ, ಬಯಲುಸೀಮೆಯಲ್ಲಿ ಉಷ್ಣಮಾನ 40 ಡಿಗ್ರಿಯಿದ್ದು ತೇವಾಂಶ ಶೇಕಡಾ 20 ಮಾತ್ರವಿದ್ದರೆ ದೇಹಕ್ಕೆ ತಾಗುವ ಬೇಗೆ ಆ 40ರ ಸುಮಾರಿನಲ್ಲೇ ನಿಲ್ಲುತ್ತದೆ. ಕಡಲತೀರದಲ್ಲಿ ಉಷ್ಣಮಾನ 34 ಡಿಗ್ರಿ, ತೇವಾಂಶ ಶೇಕಡಾ 65 ಎಂದಿಟ್ಟುಕೊಂಡರೆ ಅದು 44 ಡಿಗ್ರಿಯನ್ನು ಮುಟ್ಟುತ್ತದೆ. ತೇವಾಂಶ 70ಕ್ಕೇರಿದರೆ ಇನ್ನೂ ಎರಡು ಡಿಗ್ರಿ ಸೇರಿಕೊಳ್ಳುತ್ತದೆ. ಉಷ್ಣಮಾಪಕದಲ್ಲಿ ಆರು ಡಿಗ್ರಿ ಕಡಮೆಯಿರುವ ಊರು ದೇಹಕ್ಕೆ ಹೆಚ್ಚು ಕಠಿಣವಾಗಬಲ್ಲದು ಎಂಬುದು ಈ ಲೆಕ್ಕದ ಸಾರ.

ಇದಕ್ಕೆ ರಾತ್ರಿಯ ಕಾವನ್ನೂ ಸೇರಿಸಬೇಕು. ಒಣಗಾಳಿಯ ನಾಡಿನಲ್ಲಿ ಸೂರ್ಯ ಮುಳುಗಿದ ಬಳಿಕ ನೆಲದ ಕಾವು ಬೇಗನೆ ಆಕಾಶಕ್ಕೆ ಹರಿದುಹೋಗುತ್ತದೆ. ಕರಾವಳಿಯಲ್ಲಿ ತೇವ ತುಂಬಿದ ಗಾಳಿ ಕಂಬಳಿಯಂತೆ ಮೇಲೆ ಹೊದೆದುಕೊಂಡು ಆ ಕಾವನ್ನು ಹಿಡಿದಿಡುತ್ತದೆ. ಮೇ ತಿಂಗಳ ರಾತ್ರಿಗಳಲ್ಲಿ ಉಷ್ಣಮಾನ 25 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಹಗಲಿನ ದಣಿವನ್ನು ದೇಹ ರಾತ್ರಿಯಲ್ಲಿ ತೀರಿಸಿಕೊಳ್ಳಬೇಕು. ರಾತ್ರಿಯೂ ಬೆವರುವ ಮುದುಕರಿಗೂ ಎಳೆಯ ಮಕ್ಕಳಿಗೂ ಆ ಅವಕಾಶ ದೊರೆಯುವುದಿಲ್ಲ.

ಕಡಲು ಬೀಸುವ ಬೀಸಣಿಗೆ

ಹಾಗಾದರೆ ಈ ತೀರದಲ್ಲಿ ಬಾಳುವೆಯನ್ನು ಸಹ್ಯವಾಗಿಸಿರುವುದು ಯಾವುದು? ಕಡಲ ಗಾಳಿ. ಬೆಳಗಿನ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ತೆರವಾದ ಜಾಗವನ್ನು ತುಂಬಲು ಸಮುದ್ರದ ಮೇಲಿನ ತಂಪುಗಾಳಿ ಒಳನುಗ್ಗುತ್ತದೆ. ಸಾಮಾನ್ಯವಾಗಿ ಹನ್ನೊಂದು ಹನ್ನೆರಡು ಗಂಟೆಯ ಹೊತ್ತಿಗೆ ತೆಂಗಿನ ಗರಿಗಳು ಒಮ್ಮೆ ಅಲುಗುತ್ತವೆ. ಮೂರು ಗಂಟೆಯ ವೇಳೆಗೆ ಗಾಳಿ ಬಲವಾಗಿ ಬೀಸುತ್ತದೆ. ರಾತ್ರಿಯಲ್ಲಿ ಇದಕ್ಕೆ ವಿರುದ್ಧವಾಗಿ, ಬೇಗ ತಣಿದ ನೆಲದ ಕಡೆಯಿಂದ ಗಾಳಿ ಕಡಲಿಗೆ ಹರಿಯುತ್ತದೆ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಗಿನ ಜಾವ ನೆಲದ ಗಾಳಿಯನ್ನು ಹಾಯಿಗೆ ತುಂಬಿಕೊಂಡು ಹೊರಟು, ಮಧ್ಯಾಹ್ನ ಕಡಲ ಗಾಳಿಯೊಡನೆ ದಡಕ್ಕೆ ಮರಳುತ್ತಿದ್ದರು. ಪ್ರಕೃತಿಯ ಈ ವೇಳಾಪಟ್ಟಿಯ ಮೇಲೆಯೇ ಅವರ ದಿನಚರಿ ನಿಂತಿತ್ತು.

ಕಡಲ ಗಾಳಿ ಹನ್ನೊಂದಕ್ಕೆ ಬಂದ ದಿನ ಏರುತ್ತಿದ್ದ ಉಷ್ಣಮಾನ 33ರ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ಅದು ಎರಡು ಗಂಟೆಯವರೆಗೆ ತಡವಾದ ದಿನ ಅದೇ ಊರಿನಲ್ಲಿ ಉಷ್ಣಮಾನ ಇನ್ನೂ ನಾಲ್ಕೈದು ಡಿಗ್ರಿ ಮೇಲೇರಬಲ್ಲದು. ಆದ್ದರಿಂದ ಕರಾವಳಿಯಲ್ಲಿ ಒಂದು ದಿನದ ಹಣೆಬರಹವನ್ನು ನಿರ್ಧರಿಸುವುದು ಸೂರ್ಯನ ತೀಕ್ಷ್ಣತೆಗಿಂತ ಹೆಚ್ಚಾಗಿ ಗಾಳಿ ಬರುವ ಗಳಿಗೆ.

ಈ ಗಾಳಿಯನ್ನು ತಡೆಯುವ ಶತ್ರು ಇರುವುದು ಬೆನ್ನ ಹಿಂದಿನ ಸಹ್ಯಾದ್ರಿಯಲ್ಲಿ. ಉತ್ತರ ಕನ್ನಡದಲ್ಲಿ ಘಟ್ಟ ಕಡಲಿಗೆ ತೀರ ಸಮೀಪ. ಕಾರವಾರದ ಬಳಿಯಂತೂ ಗುಡ್ಡಗಳು ನೀರಿನಲ್ಲಿ ಕಾಲಿಳಿಬಿಟ್ಟು ಕುಳಿತಂತೆ ತೋರುತ್ತವೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕೆಲವು ದಿನ ಒಳನಾಡಿನಿಂದ ಮೂಡಣ ಗಾಳಿ ಬಲವಾಗಿ ಬೀಸುತ್ತದೆ. ಒಣಗಿದ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಬಂದಂತೆಲ್ಲ ಒತ್ತಡಕ್ಕೆ ಸಿಕ್ಕಿ, ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕಾಯುತ್ತದೆ. ಶಿರಸಿಯ ಎತ್ತರ ಸುಮಾರು 600 ಮೀಟರು. ಅಷ್ಟು ಎತ್ತರದಿಂದ ಕಡಲಮಟ್ಟಕ್ಕೆ ಇಳಿದ ಗಾಳಿ ಆರು ಡಿಗ್ರಿಯಷ್ಟು ಹೆಚ್ಚು ಕಾವನ್ನು ಹೊತ್ತು ತರುತ್ತದೆ. ಅದು ಕಡಲ ಗಾಳಿಯನ್ನು ದಡದಲ್ಲೇ ತಡೆದು ನಿಲ್ಲಿಸಿಬಿಡುತ್ತದೆ.

ಕರಾವಳಿಯ ಅತ್ಯಂತ ಸುಡುವ ಹಗಲುಗಳು ಮೇ ತಿಂಗಳಲ್ಲಿ ಬರದೆ ಎಷ್ಟೋ ಸಲ ಶಿವರಾತ್ರಿಯ ಆಸುಪಾಸಿನಲ್ಲೇ ಬಂದುಬಿಡುವ ವಿಚಿತ್ರಕ್ಕೆ ಇದೇ ಕಾರಣ. 2023ರ ಫೆಬ್ರವರಿ ಇದಕ್ಕೊಂದು ನಿದರ್ಶನ. ಆ ತಿಂಗಳು ಇಡೀ ದೇಶದ ಸರಾಸರಿ ಗರಿಷ್ಠ ಉಷ್ಣಮಾನ 29.5 ಡಿಗ್ರಿಯನ್ನು ಮುಟ್ಟಿ, ಅದುವರೆಗಿನ ಫೆಬ್ರವರಿಗಳ ದಾಖಲೆಯನ್ನು ಮುರಿಯಿತು. ಚಳಿಗಾಲದ ಲೆಕ್ಕದಲ್ಲಿರುವ ಆ ತಿಂಗಳಿನಲ್ಲೇ ನೆರೆಯ ಕೊಂಕಣ ತೀರಕ್ಕೆ ಬಿಸಿಗಾಳಿಯ ಎಚ್ಚರಿಕೆಯನ್ನು ಕೊಡಬೇಕಾಯಿತು.

ಸೂರ್ಯನಾದರೋ ಈ ತೀರದ ನೆತ್ತಿಯ ಮೇಲೆ ನೇರವಾಗಿ ಬರುವುದು ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ. ಆಗ ಪಡುವಣ ಗಾಳಿ ಬಲಗೊಂಡಿರುವುದರಿಂದ ಅಂಕಿ ಹೆಚ್ಚು ಏರುವುದಿಲ್ಲ, ಏರುವುದು ತೇವ. ಫೆಬ್ರವರಿ ಮಾರ್ಚ್‌ಗಳದು ಒಣ ಬೇಗೆ, ಏಪ್ರಿಲ್ ಮೇಗಳದು ಒದ್ದೆ ಬೇಗೆ. ಒಂದೇ ಬೇಸಗೆಯಲ್ಲಿ ಎರಡು ಋತುಗಳು ಅಡಗಿರುವಂತಿದೆ.

ಮುನ್ನೋಟ ಹುಟ್ಟುವ ಬಗೆ

ಋತುವಿನ ಗುಣವನ್ನು ಮೊದಲೇ ಊಹಿಸುವ ಪ್ರಯತ್ನ ನಮ್ಮ ದೇಶಕ್ಕೆ ಹೊಸದಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮಕ್ಕೆ ಒಂದು ವರ್ಷ ಮೊದಲು, 1875ರಲ್ಲಿ, ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥರಾದ ಹೆನ್ರಿ ಬ್ಲ್ಯಾನ್‌ಫರ್ಡರು ಹಿಮಾಲಯದ ಹಿಮರಾಶಿಗೂ ಮಳೆಗಾಲಕ್ಕೂ ಸಂಬಂಧವಿರುವುದನ್ನು ಗಮನಿಸಿ 1886ರಲ್ಲಿ ಮೊದಲ ಋತುಮುನ್ಸೂಚನೆಯನ್ನು ಹೊರಡಿಸಿದರು. 1904ರಿಂದ 1924ರವರೆಗೆ ಇಲಾಖೆಯನ್ನು ನಡೆಸಿದ ಗಣಿತಜ್ಞ ಗಿಲ್ಬರ್ಟ್ ವಾಕರರು ಶಾಂತಸಾಗರದ ವಾಯುಭಾರದ ತೂಗಾಟಕ್ಕೂ ಭಾರತದ ಮಳೆಗೂ ನಂಟಿರುವುದನ್ನು ಕಂಡುಹಿಡಿದರು. ಇಂದು ‘ಎಲ್ ನಿನೊ’ ಎಂಬ ಹೆಸರು ಮನೆಮಾತಾಗಿದ್ದರೆ ಅದರ ಹಿಂದೆ ಆ ಶೋಧನೆಯೂ ಇದೆ.

ಆದರೆ ಈ ಶ್ರಮವೆಲ್ಲ ಮಳೆಗಾಲಕ್ಕೇ ಮೀಸಲಾಗಿತ್ತು. ಬೇಸಗೆಯ ಉಷ್ಣಮಾನಕ್ಕೆ ಪ್ರತ್ಯೇಕವಾದ ಋತುಮುನ್ನೋಟವನ್ನು ಇಲಾಖೆ ಕೊಡತೊಡಗಿದ್ದು 2016ರಲ್ಲಿ. ಈಗ ಫೆಬ್ರವರಿಯ ಕೊನೆಯಲ್ಲಿ ಮಾರ್ಚಿನಿಂದ ಮೇವರೆಗಿನ ಮುನ್ನೋಟವೂ, ಮಾರ್ಚಿನ ಕೊನೆಯಲ್ಲಿ ಏಪ್ರಿಲಿನಿಂದ ಜೂನ್‌ವರೆಗಿನ ಮುನ್ನೋಟವೂ ಹೊರಬೀಳುತ್ತವೆ. ಸಮುದ್ರಗಳ ಕಾವು, ಗಾಳಿಯ ಚಲನೆ, ನೆಲದ ತೇವ ಇವುಗಳನ್ನು ಗಣಕಯಂತ್ರಗಳಿಗೆ ಉಣ್ಣಿಸಿ, ಮುಂದಿನ ತಿಂಗಳುಗಳ ಹವೆಯನ್ನು ಮತ್ತೆ ಮತ್ತೆ ಲೆಕ್ಕ ಮಾಡಿಸಿ, ಹೆಚ್ಚಿನ ಲೆಕ್ಕಗಳು ಯಾವ ಕಡೆಗೆ ವಾಲುತ್ತವೆಂಬುದನ್ನು ನೋಡುವುದು ಅದರ ಕ್ರಮ. ಹಿಂದಿನ ಚಳಿಗಾಲದಲ್ಲಿ ಶಾಂತಸಾಗರ ಕಾದಿದ್ದರೆ ಮರುಬೇಸಗೆ ನಮ್ಮ ದೇಶದಲ್ಲಿ ಬಿರುಸಾಗುವುದುಂಟು. 2010, 2016 ಮತ್ತು 2024ರ ಬೇಸಗೆಗಳು ಹೀಗೆ ಎಲ್ ನಿನೊದ ಬೆನ್ನಿಗೆ ಬಂದವು.

ಈ ಮುನ್ನೋಟವನ್ನು ಓದುವಾಗ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಅದು ಭವಿಷ್ಯವಾಣಿಯಲ್ಲ, ಸಂಭವದ ಲೆಕ್ಕ. ಹಿಂದಿನ ಅನೇಕ ವರ್ಷಗಳ ಬೇಸಗೆಗಳನ್ನು ತಂಪು, ಸಾಧಾರಣ, ಬಿಸಿ ಎಂದು ಮೂರು ಸಮಪಾಲುಗಳಾಗಿ ವಿಂಗಡಿಸಿದರೆ ಪ್ರತಿಯೊಂದಕ್ಕೂ ಮೂರರಲ್ಲೊಂದು ಅವಕಾಶವಿರುತ್ತದೆ. ‘ಸಾಧಾರಣಕ್ಕಿಂತ ಹೆಚ್ಚು ಬಿಸಿಯಾಗುವ ಸಂಭವ ಶೇಕಡಾ 50’ ಎಂದು ಮುನ್ನೋಟ ಹೇಳಿದರೆ, ಹಾಗಾಗದಿರುವ ಸಂಭವವೂ ಅಷ್ಟೇ ಇದೆಯೆಂದು ಅರ್ಥ. ಆದರೂ ಮೂರರಲ್ಲೊಂದು ಇದ್ದುದು ಎರಡರಲ್ಲೊಂದಾಯಿತು. ವಿವೇಕಿಯಾದ ಗೃಹಸ್ಥ ತನ್ನ ಸಿದ್ಧತೆಯನ್ನು ಆ ಕಡೆಗೆ ಓಲಿಸುತ್ತಾನೆ.

ಎರಡನೆಯದು, ಇಲಾಖೆ ದೇಶವನ್ನು 36 ಹವಾಮಾನ ಉಪವಿಭಾಗಗಳಾಗಿ ವಿಂಗಡಿಸಿದೆ. ಕರ್ನಾಟಕದ ಪಾಲಿನ ಮೂರರಲ್ಲಿ ಕರಾವಳಿ ಒಂದು. ಮಂಗಳೂರು, ಉಡುಪಿ, ಕಾರವಾರಗಳು ಅದರಲ್ಲಿ ಒಟ್ಟಿಗೆ ಸೇರಿವೆ. ಅಷ್ಟೇ ಅಲ್ಲ, ಕಡಲಿನ ಉಸಿರೇ ತಾಗದ ಹಳಿಯಾಳವೂ, ಇಬ್ಬನಿಯ ಶಿರಸಿ ಸಿದ್ದಾಪುರಗಳೂ ಜಿಲ್ಲೆಯ ನೆಪದಿಂದ ಅದೇ ಉಪವಿಭಾಗದೊಳಗೆ ಬರುತ್ತವೆ. ನಕಾಶೆಯ ಮೇಲೆ ಬಳಿದ ಒಂದೇ ಬಣ್ಣ ಇಷ್ಟೊಂದು ಬಗೆಯ ಊರುಗಳ ಪರವಾಗಿ ಮಾತನಾಡಬೇಕಾಗುತ್ತದೆ.

ಅಪಾಯದ ಗೆರೆಯನ್ನು ಎಳೆಯುವಾಗ ಮಾತ್ರ ಇಲಾಖೆ ಕರಾವಳಿಗೆ ಪ್ರತ್ಯೇಕ ನ್ಯಾಯವನ್ನು ಒದಗಿಸಿದೆ. ಬಯಲಿನಲ್ಲಿ ಗರಿಷ್ಠ ಉಷ್ಣಮಾನ 40 ಡಿಗ್ರಿಯನ್ನು ಮುಟ್ಟಿದ ಮೇಲೆಯೇ ಬಿಸಿಗಾಳಿಯ ವಿಚಾರ. ಕರಾವಳಿಯಲ್ಲಾದರೆ 37 ಡಿಗ್ರಿ ಮುಟ್ಟಿ, ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ ಸಾಕು. ಇದಲ್ಲದೆ ‘ಬಿಸಿ ಮತ್ತು ಆರ್ದ್ರ ಹವೆ’ ಎಂಬ ಬೇರೊಂದು ಎಚ್ಚರಿಕೆಯೂ ಉಂಟು. ಸೆಕೆಯ ದಿನಗಳಿಗೆ ಹೆಚ್ಚು ಸಲ್ಲುವುದು ಇದೇ. ಆದರೆ ‘ಬಿಸಿಗಾಳಿ’ ಎಂಬ ಮಾತಿಗಿರುವ ಭಯ ಇದಕ್ಕಿಲ್ಲವಾದ್ದರಿಂದ ಓದುಗರ ಕಣ್ಣು ಇದರ ಮೇಲಿಂದ ಜಾರಿಹೋಗುತ್ತದೆ.

ಒಂದು ಮಳೆ, ಹಲವು ಮನೆ

ಬೇಸಗೆಯ ಮುನ್ನೋಟ ನಗರವಾಸಿಗೆ ಕೊಡೆಯೋ ಕೂಲರೋ ಎಂಬ ಪ್ರಶ್ನೆ. ಈ ತೀರದ ಅನೇಕ ಕುಟುಂಬಗಳಿಗೆ ಅದು ವರ್ಷದ ಗಳಿಕೆಯ ಪ್ರಶ್ನೆ.

ಗೋಕರ್ಣದ ಸಮೀಪದ ಸಾಣಿಕಟ್ಟೆಯನ್ನು ನೋಡಬೇಕು. ಅಘನಾಶಿನಿ ಹೊಳೆ ಕಡಲನ್ನು ಕೂಡುವಲ್ಲಿ ಹಬ್ಬಿರುವ ಅಲ್ಲಿನ ಉಪ್ಪಿನಾಗರಗಳು ಬಹು ಹಳೆಯವು. ಭರತದ ವೇಳೆಯಲ್ಲಿ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದು ಮಡಿಗೆ ಹಾಯಿಸುತ್ತ, ಬಿಸಿಲಿಗೆ ಇಂಗಿಸುತ್ತ ಹೋಗುತ್ತಾರೆ. ಸಮುದ್ರದ ನೀರಿನಲ್ಲಿ ಲವಣದ ಅಂಶ ಶೇಕಡಾ ಮೂರೂವರೆಯಷ್ಟು. ನೀರು ಹತ್ತರಲ್ಲೊಂದು ಪಾಲಿಗೆ ಇಂಗಿದಾಗ ಉಪ್ಪು ಹರಳುಗಟ್ಟುತ್ತದೆ. ಜನವರಿಯಿಂದ ಮೇವರೆಗಿನ ಬಿಸಿಲೇ ಇದರ ಬಂಡವಾಳ. ನಡುವೆ ಅಕಾಲದ ಒಂದು ದೊಡ್ಡ ಮಳೆ ಬಿದ್ದರೆ ವಾರಗಟ್ಟಲೆ ಇಂಗಿಸಿದ ನೀರು ಮತ್ತೆ ತೆಳುವಾಗುತ್ತದೆ, ಕಟ್ಟಿದ ಹರಳು ಕರಗುತ್ತದೆ, ಹದಮಾಡಿದ ಮಡಿಯ ನೆಲವನ್ನು ಮೊದಲಿನಿಂದ ಸರಿಮಾಡಬೇಕಾಗುತ್ತದೆ. ಕರ್ನಾಟಕದ ಉಪ್ಪಿನ ಸತ್ಯಾಗ್ರಹ 1930ರ ಏಪ್ರಿಲ್ 13ರಂದು ಈ ತೀರದ ಅಂಕೋಲೆಯಲ್ಲೇ ನಡೆಯಿತೆಂಬುದನ್ನು ಇಲ್ಲಿ ನೆನೆಯಬಹುದು. ಉಪ್ಪು ಬೇಸಗೆಯ ಬೆಳೆ. ಅದರ ಸುಗ್ಗಿ ಏಪ್ರಿಲ್.

ಆಗರದ ಮನೆ ಬೇಡುವ ಅದೇ ಬಿಸಿಲು ಪಕ್ಕದ ಮನೆಯ ಬಾವಿಯನ್ನು ಬತ್ತಿಸುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿನಷ್ಟು ಮಳೆ ಸುರಿಯುವ ನಾಡಿಗೆ ನೀರಿನ ಬರವೇ ಎಂದು ಬಯಲುಸೀಮೆಯವರು ಬೆರಗಾಗಬಹುದು. ಆದರೆ ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ನಾಲ್ಕು ತಿಂಗಳಲ್ಲಿ ಬಿದ್ದು, ಘಟ್ಟದಿಂದ ಕಡಲಿಗಿರುವ ಗೇಣುದ್ದದ ದಾರಿಯಲ್ಲಿ ಹರಿದು ಹೋಗಿಬಿಡುತ್ತದೆ. ಜಂಬಿಟ್ಟಿಗೆಯ ನೆಲ ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳದು. ಏಪ್ರಿಲಿನ ಹೊತ್ತಿಗೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಮುಖದಲ್ಲಿ ಸಿಹಿನೀರಿನ ಒತ್ತಡ ತಗ್ಗಿದಂತೆ ಭರತದ ಉಪ್ಪುನೀರು ಒಳಕ್ಕೆ ಏರಿಬರುತ್ತದೆ. ದಂಡೆಯ ಬಾವಿಗಳಲ್ಲಿ ನೀರಿದ್ದರೂ ಬಾಯಿಗೆ ಹಾಕಲಾಗದಂತಾಗುತ್ತದೆ. ಅಂಥ ಮನೆಯ ಹೆಂಗಸರು ಸಂಜೆ ಘಟ್ಟದ ಮೇಲೆ ಕಪ್ಪಾಗುವ ಮೋಡವನ್ನು ನೋಡಿ ಅದು ಇತ್ತ ಬರಲೆಂದು ಹಾರೈಸುತ್ತಾರೆ. ಆಗರದವರು ಅದೇ ಮೋಡ ಅತ್ತಲೇ ಇರಲೆಂದು ಹಾರೈಸುತ್ತಾರೆ.

ಮೋಡ ಹೆಚ್ಚಾಗಿ ಆಗರದವರ ಮಾತನ್ನೇ ಕೇಳುತ್ತದೆ. ಕಡಲ ಗಾಳಿ ಹೊತ್ತುತಂದ ತೇವ ಸಹ್ಯಾದ್ರಿಯನ್ನೇರಿ ಮಧ್ಯಾಹ್ನದ ಮೇಲೆ ಗುಡುಗುಮೋಡವಾಗಿ, ಶಿರಸಿ ಯಲ್ಲಾಪುರಗಳ ಕಡೆ ಸುರಿದು ತೀರುತ್ತದೆ. ಎಂದೋ ಒಂದು ದಿನ ಮೇಲುಗಾಳಿ ಮೂಡಣದಿಂದ ಬೀಸಿದಾಗ ಮಾತ್ರ ಆ ಮೋಡ ಇಳಿದು ಬಂದು ಕರಾವಳಿಯನ್ನು ತೋಯಿಸುತ್ತದೆ. ಘಟ್ಟದ ಮೇಲೆ ಮಳೆಯಾಯಿತೆಂಬ ಸುದ್ದಿಯಿಂದ ಘಟ್ಟದ ಕೆಳಗೂ ತಂಪಾಗುವುದೆಂದು ಎಣಿಸುವಂತಿಲ್ಲ.

ಮಾವಿನದು ಇನ್ನೊಂದು ಕಥೆ. ಅಂಕೋಲೆಯ ಕರಿ ಇಶಾಡ ಮಾವು 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನು ಪಡೆಯಿತು. ಹೂ ಕಚ್ಚುವ ಹೊತ್ತಿನಲ್ಲಿ ಬಿಸಿಯಾದ ಮೂಡಣ ಗಾಳಿ ಬೀಸಿದರೆ ಹೂವೂ ಹೀಚೂ ಉದುರುತ್ತವೆ. ಬಲಿತ ಮೇಲೆ ಗಾಳಿಮಳೆ ಬಂದರೆ ಕಾಯಿಯೇ ನೆಲಕ್ಕುರುಳುತ್ತದೆ. ಏಪ್ರಿಲ್ ಮೇಗಳಲ್ಲಿ ಹಣ್ಣಾಗುವ ಮುರುಗಲಿನ ಸಿಪ್ಪೆಗೂ, ಮಳೆಗಾಲದ ಊಟಕ್ಕೆಂದು ಒಣಗಿಸುವ ಮೀನಿಗೂ, ಹಲಸಿನ ಹಪ್ಪಳಕ್ಕೂ ಬೇಕಾದುದು ನಾಲ್ಕು ದಿನದ ಎಡೆಬಿಡದ ಬಿಸಿಲು. ನಗರದವರು ಶಪಿಸುವ ಬಿಸಿಲಿನಲ್ಲೇ ಇಲ್ಲಿಯ ಗೃಹಿಣಿ ಆಷಾಢದ ಅಡುಗೆಮನೆಯನ್ನು ತುಂಬಿಟ್ಟುಕೊಳ್ಳುತ್ತಾಳೆ.

ಮೇ ತಿಂಗಳ ಕಡಲು

ಏಪ್ರಿಲ್ ಮುಗಿಯುವ ಹೊತ್ತಿಗೆ ಅರಬ್ಬೀ ಸಮುದ್ರವೂ ಕಾದಿರುತ್ತದೆ. ಮೇಲ್ಮೈಯ ಕಾವು 29–30 ಡಿಗ್ರಿಗೇರುತ್ತದೆ. ಬೆಚ್ಚಗಿನ ಸಮುದ್ರವೇ ಚಂಡಮಾರುತದ ತೊಟ್ಟಿಲು. ಹಿಂದೆ ಅರಬ್ಬೀ ಸಮುದ್ರವನ್ನು ಬಂಗಾಳ ಕೊಲ್ಲಿಗಿಂತ ಸೌಮ್ಯವೆಂದು ಭಾವಿಸಲಾಗುತ್ತಿತ್ತು. ಈಚಿನ ದಶಕಗಳಲ್ಲಿ ಅದರ ಕಾವು ಹೆಚ್ಚಿದಂತೆ ಆ ನಂಬಿಕೆ ಸಡಿಲವಾಗಿದೆ. 2021ರ ಮೇ ತಿಂಗಳ ನಡುವೆ ‘ತೌಕ್ತೆ’ ಎಂಬ ಚಂಡಮಾರುತ ಪಶ್ಚಿಮ ತೀರದುದ್ದಕ್ಕೂ ಉತ್ತರಕ್ಕೆ ಸಾಗಿ ಮೇ 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು. ದಡವನ್ನು ಮುಟ್ಟದೆ ದೂರದಿಂದಲೇ ಹಾದುಹೋದರೂ ಕರ್ನಾಟಕದ ಮೂರು ಕರಾವಳಿ ಜಿಲ್ಲೆಗಳಲ್ಲೂ ಅದು ಮನೆಗಳನ್ನೂ ದೋಣಿಗಳನ್ನೂ ವಿದ್ಯುತ್ ಕಂಬಗಳನ್ನೂ ಕೆಡವಿತು. ಇಂಥ ಅತಿಥಿಯ ಬರವನ್ನು ಫೆಬ್ರವರಿಯ ಋತುಮುನ್ನೋಟ ಹೇಳಲಾರದು. ಕೆಲವು ದಿನ ಮೊದಲಷ್ಟೇ ಹೊರಡುವ ಎಚ್ಚರಿಕೆಗೆ ಕಿವಿಗೊಡಬೇಕಾಗುತ್ತದೆ.

ಮಳೆಗಾಲ ಕಾಲಿಡುವ ದಿನವೂ ಹೀಗೆಯೇ ಅಸ್ಥಿರ. ವಾಡಿಕೆಯಂತೆ ನೈರುತ್ಯ ಮಾರುತ ಜೂನ್ 1ಕ್ಕೆ ಕೇರಳವನ್ನು ಮುಟ್ಟಿ, ಜೂನ್ ಮೊದಲ ವಾರದಲ್ಲಿ ಉತ್ತರ ಕನ್ನಡಕ್ಕೆ ಬರಬೇಕು. 2023ರಲ್ಲಿ ಅದು ಕೇರಳಕ್ಕೆ ಬಂದುದೇ ಜೂನ್ 8ಕ್ಕೆ. ಆಗ ಅರಬ್ಬೀ ಸಮುದ್ರದಲ್ಲಿ ‘ಬಿಪರ್ಜಾಯ್’ ಚಂಡಮಾರುತ ಸುತ್ತುತ್ತಿತ್ತು. 2025ರಲ್ಲಾದರೋ ಮೇ 24ರಂದೇ ಕೇರಳಕ್ಕೆ ಬಂದ ಮಳೆ ಮೇ 26ರಂದು ಮುಂಬಯಿಯನ್ನು ಮುಟ್ಟಿಬಿಟ್ಟಿತು. ನಡುವಿನ ಉತ್ತರ ಕನ್ನಡಕ್ಕೆ ಸೌದೆಯನ್ನು ಒಟ್ಟುವಷ್ಟು ವ್ಯವಧಾನವೂ ಸಿಗಲಿಲ್ಲ. ಈ ಎರಡು ವರ್ಷಗಳ ಅಂತರ ಎರಡು ವಾರಕ್ಕೂ ಮಿಕ್ಕಿತ್ತು. ಬತ್ತಿದ ಬಾವಿಯ ಮನೆಗೆ ಎರಡು ವಾರವೆಂದರೆ ಅಲ್ಪಕಾಲವಲ್ಲ.

ಯಂತ್ರದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಮೀನುಗಾರಿಕೆ ನಿಷೇಧವಿರುತ್ತದೆ. ಆ ಎರಡು ತಿಂಗಳ ಬಿಡುವಿಗೆ ಮೊದಲಿನ ಕೊನೆಯ ದುಡಿಮೆ ಮೇ ತಿಂಗಳಿನದು. ಅದರಲ್ಲಿ ಒಂದು ವಾರ ಕಡಲು ಕೆರಳಿ ದೋಣಿಗಳು ಬಂದರಿನಲ್ಲೇ ನಿಂತರೆ, ಮುಂದಿನ ಎರಡು ತಿಂಗಳ ಲೆಕ್ಕವೇ ತಲೆಕೆಳಗಾಗುತ್ತದೆ.

ರಜೆಗೆ ಬರುವ ನಗರವಾಸಿಗಳೂ ಮೇ ತಿಂಗಳ ಕಡಲಿನ ಸ್ವಭಾವವನ್ನು ಅರಿತಿರುವುದು ಲೇಸು. ಆಕಾಶ ನಿರ್ಮಲವಾಗಿ, ಗಾಳಿ ಶಾಂತವಾಗಿರುವಾಗಲೂ ಕೆಲವೊಮ್ಮೆ ದೊಡ್ಡ ಅಲೆಗಳು ಥಟ್ಟನೆ ದಡಕ್ಕೇರುತ್ತವೆ. ಸಾವಿರಾರು ಕಿಲೋಮೀಟರು ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿ ಬಂದ ಅಲೆಗಳು ಅವು. ಕೇರಳದ ಬೆಸ್ತರು ಇದನ್ನು ‘ಕಳ್ಳಕಡಲು’ ಎಂದು ಕರೆಯುತ್ತಾರೆ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಇಂಥ ಅಲೆಗಳ ಬಗೆಗೆ ಮುಂಚಿತವಾಗಿ ಎಚ್ಚರಿಕೆ ಹೊರಡಿಸುತ್ತದೆ. ಗೋಕರ್ಣ, ಮುರ್ಡೇಶ್ವರ, ಕಾರವಾರಗಳ ಮರಳಿನಲ್ಲಿ ಮಕ್ಕಳನ್ನು ಆಡಬಿಡುವ ಮುನ್ನ ಸ್ಥಳೀಯರನ್ನೊಂದು ಮಾತು ಕೇಳುವುದರಿಂದ ನಷ್ಟವೇನೂ ಇಲ್ಲ.

ಮನೆಯವರು ಅರಿಯಬೇಕಾದ್ದು

ಕರಾವಳಿಯ ಬೇಗೆಗೆ ಬಯಲುಸೀಮೆಯ ಔಷಧ ನಾಟುವುದಿಲ್ಲ. ಒದ್ದೆ ಲಾವಂಚದ ತಡಿಕೆಯೂ ನೀರು ತುಂಬಿದ ಕೂಲರೂ ವಿಜಯಪುರದಲ್ಲಿ ಸ್ವರ್ಗಸುಖವನ್ನು ಕೊಟ್ಟಾವು. ಕುಮಟೆಯಲ್ಲಿ ಅವು ಕೋಣೆಯ ತೇವವನ್ನು ಹೆಚ್ಚಿಸಿ ಸೆಕೆಯನ್ನೇ ಬೆಳೆಸುತ್ತವೆ. ಇಲ್ಲಿ ಬೇಕಾದುದು ಗಾಳಿಯ ಓಡಾಟ. ಗಾಳಿಯ ಉಷ್ಣಮಾನ 33–34 ಡಿಗ್ರಿಯಿರುವಾಗ ಅದು ಚರ್ಮದ ಕಾವಿಗಿಂತ ಸ್ವಲ್ಪ ಕೆಳಗಿರುವುದರಿಂದ ಬೀಸುವ ಗಾಳಿ ನಿಜವಾಗಿಯೂ ತಂಪನ್ನು ಕೊಡುತ್ತದೆ. ಎದುರುಬದುರು ಕಿಟಕಿಗಳು, ಎತ್ತರದ ಹೆಂಚಿನ ಮಾಡು, ಪಡುವಣಕ್ಕೆ ತೆರೆದ ಜಗಲಿ, ಅಂಗಳಕ್ಕೆ ಹೊದೆಸಿದ ತೆಂಗಿನ ಗರಿಯ ಚಪ್ಪರ ಇವೆಲ್ಲವೂ ಹಳೆಯ ಮನೆಗಳಲ್ಲಿ ಸುಮ್ಮನೆ ಇದ್ದವಲ್ಲ. ಕಾಂಕ್ರೀಟಿನ ಚಾವಣಿ ಹಗಲಿನ ಕಾವನ್ನು ಕುಡಿದು ರಾತ್ರಿಯೆಲ್ಲ ಕೆಳಗಿನವರ ಮೇಲೆ ಸುರಿಸುತ್ತದೆ. ಅಂಥ ಮನೆಯಲ್ಲಿ ವಿದ್ಯುತ್ತು ಹೋದ ರಾತ್ರಿ ವೃದ್ಧರನ್ನು ತೆರೆದ ಜಗಲಿಗೆ ಕರೆತರುವುದು ಲೇಸು.

ಬೆವರಿನೊಡನೆ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ, ಮಾವಿನ ಅಪ್ಪೆಹುಳಿ, ತಂಬುಳಿ, ಎಳನೀರು, ಇವುಗಳಿಂದ ತುಂಬಿದ ಕರಾವಳಿಯ ಬೇಸಗೆಯ ಊಟದಲ್ಲಿ ಅನುಭವದ ವೈದ್ಯವಿದೆ. ಕಡಲ ಗಾಳಿ ಬರುವವರೆಗಿನ ಹತ್ತರಿಂದ ಹನ್ನೆರಡರ ಹೊತ್ತೇ ಎಷ್ಟೋ ದಿನ ಹೆಚ್ಚು ಕಷ್ಟದ್ದು. ಮೈಮುರಿಯುವ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸುವುದು ಒಳ್ಳೆಯದು. ಬಿಸಿಲಿನಲ್ಲಿ ದುಡಿಯುವವರ ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಮೈ ಸುಡುತ್ತ ಪ್ರಜ್ಞೆ ತಪ್ಪಿದರೆ ಅದನ್ನು ಬರಿಯ ಆಯಾಸವೆಂದು ತಿಳಿಯಬಾರದು. ಅದು ಪ್ರಾಣಕ್ಕೆ ಎರವಾಗುವ ಉಷ್ಣಾಘಾತ. ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಕೊಂಡೊಯ್ಯಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಕೂಡದು.

ಹವಾಮಾನ ಇಲಾಖೆಯ ಮುನ್ನೋಟ ದಿನದಿನಕ್ಕೆ ನಿಖರವಾಗುತ್ತಿದೆ. ಋತುವಿನ ಮಾತನ್ನು ತಿಂಗಳುಗಳ ಮೊದಲು, ವಾರದ ಮಾತನ್ನು ವಾರದ ಮೊದಲು, ಗುಡುಗುಮಳೆಯ ಮಾತನ್ನು ಗಂಟೆಗಳ ಮೊದಲು ಹೇಳುವ ಸಾಧನಗಳು ಇಂದು ಕೈಯಲ್ಲಿವೆ. ಉತ್ತರ ಕನ್ನಡದ ತೀರದಲ್ಲಿ ಅವುಗಳನ್ನು ಓದುವವರು ಗರಿಷ್ಠ ಉಷ್ಣಮಾನದ ಒಂದು ಅಂಕಿಯಲ್ಲೇ ನಿಲ್ಲದೆ, ಅದರ ಪಕ್ಕದ ತೇವಾಂಶವನ್ನೂ, ರಾತ್ರಿಯ ಕನಿಷ್ಠ ಉಷ್ಣಮಾನವನ್ನೂ, ಗಾಳಿಯ ದಿಕ್ಕನ್ನೂ ನೋಡಬೇಕು. ಗಾಳಿ ಮೂಡಣದಿಂದ ಎಂದಿದ್ದರೆ ಬಿಸಿಲಿಗೆ ಅಂಜಬೇಕು, ಪಡುವಣದಿಂದ ಎಂದಿದ್ದರೆ ಸೆಕೆಗೆ ಸಿದ್ಧರಾಗಬೇಕು. ಅಷ್ಟು ತಿಳಿದವರ ಮನೆಯಲ್ಲಿ ಬಾವಿಯ ನೀರು ಹಿತಮಿತವಾಗಿ ಬಳಕೆಯಾಗುತ್ತದೆ, ಹಪ್ಪಳ ಮಳೆಗೆ ಮೊದಲೇ ಒಣಗಿ ಡಬ್ಬಿಯನ್ನು ಸೇರುತ್ತದೆ, ಮುದುಕರೂ ಮಕ್ಕಳೂ ಮೃಗಶಿರೆಯ ಮೊದಲ ಮಳೆಯನ್ನು ಕ್ಷೇಮವಾಗಿ ಕಾಣುತ್ತಾರೆ.